ಮುಟ್ಟದೆ ಕೊಡುವ ಆಸರೆ

ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಕೆನ್ಸಿಂಗ್ಟನ್ ಈಜುಕೊಳವಿದೆ. ಕೊಳದಲ್ಲಿ ಲೇನಿನ ಗುರುತಿರುತ್ತದೆ, ಸುಸ್ತಾದರೆ ಗೋಡೆ ಕೈಗೆ ಸಿಗುತ್ತದೆ. ಸುಮಾರು 123 ಎಕರೆಯ ಕೆರೆಯಲ್ಲಿ ಇವೆರಡೂ ಇಲ್ಲ. 2016ರ ಮಾರ್ಚಿನಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ ಆ ನೀರಿಗೆ ಈಜಲು ಇಳಿಯುವ ಮಾತನ್ನು ಇವತ್ತು ಯಾರೂ ಆಡುವುದಿಲ್ಲ. ಅದು ಈ ಊರಿನ ಬೇರೆಯೇ ಸಂಕಟ. ಆದರೆ ಕೊಳದಲ್ಲಿ ಕಲಿತವರು ಕಡಲಿನ ರೇಸಿಗೋ ಹಿನ್ನೀರಿನ ರೇಸಿಗೋ ಹೆಸರು ಕೊಟ್ಟಾಗ ಎದುರಾಗುವುದು ಈ ಎರಡು ನೀರುಗಳ ನಡುವಿನ ಅಂತರವೇ. ಕೈಕಾಲಿಗೆ ಈಜು ಬರುತ್ತದೆ, ಎದೆ ಒಪ್ಪುವುದಿಲ್ಲ. ಆಗ ಗೆಳೆಯರೊಬ್ಬರು ‘ನಾನೂ ಜೊತೆಗೆ ಬರ್ತೀನಿ’ ಅನ್ನುತ್ತಾರೆ. ಈ ‘ಜೊತೆ’ ನಿಜಕ್ಕೂ ಏನನ್ನು ಮಾಡುತ್ತದೆ? ಒಬ್ಬರ ಭಯವನ್ನು ಇನ್ನೊಬ್ಬರು ಹೊರುವುದು ಸಾಧ್ಯವೆ? ಇಂಗ್ಲಿಷ್ ಕಾಲುವೆಯ ಈಜಿನ ನಿಯಮ ಈ ಪ್ರಶ್ನೆಯನ್ನು ಇನ್ನಷ್ಟು ಮೊನಚಾಗಿಸುತ್ತದೆ: ಬೆಂಗಾವಲು ದೋಣಿ ಇರಬಹುದು, ಊಟ ನೀರು ದಾಟಿಸಬಹುದು, ಆದರೆ ಯಾರಾದರೂ ಈಜುಗಾರರನ್ನು ಹಿಡಿದು ಆಸರೆ ಕೊಟ್ಟರೆ ಆ ಈಜು ಅಲ್ಲಿಗೆ ಮುಗಿಯಿತು.

ಇದಕ್ಕೆ ನನಗೆ ತೃಪ್ತಿ ಕೊಟ್ಟ ಉತ್ತರ ಜೈನ ತತ್ತ್ವದಲ್ಲಿದೆ. ಜೈನರು ಎಣಿಸುವ ಆರು ದ್ರವ್ಯಗಳಲ್ಲಿ ಧರ್ಮ, ಅಧರ್ಮ ಎಂಬ ಎರಡಿವೆ. ಇಲ್ಲಿ ಅವು ಪುಣ್ಯ ಪಾಪಗಳಲ್ಲ. ಒಂದು ಚಲನೆಗೆ ಆಧಾರ, ಇನ್ನೊಂದು ನಿಲುಗಡೆಗೆ ಆಧಾರ. ನೇಮಿಚಂದ್ರ ಮುನಿಯ ‘ದ್ರವ್ಯಸಂಗ್ರಹ’ ಇದನ್ನು ಎರಡು ದೃಷ್ಟಾಂತಗಳಲ್ಲಿ ವಿವರಿಸುತ್ತದೆ. ಮೀನು ಚಲಿಸುವುದಕ್ಕೆ ನೀರು ಸಹಕಾರಿ, ಆದರೆ ಸುಮ್ಮನಿರುವ ಮೀನನ್ನು ಅದು ತಳ್ಳಿಕೊಂಡು ಹೋಗುವುದಿಲ್ಲ. ದಾರಿಹೋಕ ನಿಲ್ಲುವುದಕ್ಕೆ ನೆರಳು ಸಹಕಾರಿ, ಆದರೆ ನಡೆಯುತ್ತಿರುವವನನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಸಹಾಯವೆಂದರೆ ಎಳೆದುಕೊಂಡು ಹೋಗುವುದು, ಇಲ್ಲವೆಂದರೆ ಕೈಕಟ್ಟಿ ಕೂರುವುದು ಎಂದಷ್ಟೇ ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಇವೆರಡೂ ಅಲ್ಲದ ಮೂರನೆಯದೊಂದು ಉಂಟು ಎಂದು ಇಷ್ಟು ಖಚಿತವಾಗಿ ಹೇಳಿದ ಮಾತು ನನಗೆ ಬೇರೆಲ್ಲೂ ಸಿಕ್ಕಿಲ್ಲ. ನೀರಿಲ್ಲದೆ ಮೀನು ಈಜಲಾರದು. ಹಾಗೆಂದು ಈಜಿದ್ದು ನೀರಲ್ಲ.

ಹೆದರಿದ ಈಜುಗಾರರ ದೇಹವನ್ನು ನೋಡಿದರೆ ಇದು ಬರಿಯ ತರ್ಕವಲ್ಲವೆಂದು ತಿಳಿಯುತ್ತದೆ. ತಣ್ಣನೆಯ ನೀರಿಗೆ ಇಳಿದ ಮೊದಲ ಒಂದೆರಡು ನಿಮಿಷ ಉಸಿರು ತಾನಾಗಿ ಏರುತ್ತದೆ. ದಡ ಎಲ್ಲಿದೆ ಎಂದು ನೋಡಲು ತಲೆ ಎತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ದೇಹ ನೀರನ್ನು ಸೀಳುವ ಬದಲು ನೂಕತೊಡಗುತ್ತದೆ. ದಣಿವು ಹೆಚ್ಚಿ ಉಸಿರು ಇನ್ನೂ ಗಿಡ್ಡವಾಗುತ್ತದೆ. ಈ ಸುತ್ತನ್ನು ಹೊರಗಿನಿಂದ ಕೈ ಹಾಕಿ ಬಿಡಿಸಲಾಗದು. ಆದರೆ ಗೆಳೆಯರು ಒಂದು ತೋಳಿನಷ್ಟು ದೂರದಲ್ಲಿ, ಹೆದರಿದವರು ಉಸಿರಿಗೆ ಮುಖ ಹೊರಳಿಸುವ ಮಗ್ಗುಲಲ್ಲೇ ಈಜುತ್ತಿದ್ದರೆ ಪ್ರತಿ ಉಸಿರಿಗೂ ಒಂದು ಟೋಪಿ, ಒಂದು ಪರಿಚಿತ ತೋಳು ಕಣ್ಣಿಗೆ ಬೀಳುತ್ತದೆ. ದಡ ಹುಡುಕುವ ಅಗತ್ಯ ತಪ್ಪಿದಾಗ ತಲೆ ನೀರಿಗೆ ಮರಳುತ್ತದೆ, ಸೊಂಟ ಮೇಲೇರುತ್ತದೆ. ಗೆಳೆಯರು ತುಸು ಮುಂದಿದ್ದರಂತೂ ಅವರ ಹಿಂದಿನ ನೀರಿನ ತಡೆ ಕಡಿಮೆಯಾಗಿ ಅದೇ ವೇಗಕ್ಕೆ ಕಡಿಮೆ ಶ್ರಮ ಸಾಕಾಗುತ್ತದೆ. ಯಾರೂ ಯಾರನ್ನೂ ಮುಟ್ಟಿಲ್ಲ. ಹೆದರಿದವರು ತೋಳು ಬೀಸುವುದನ್ನು ನಿಲ್ಲಿಸಿದ ಕ್ಷಣ ಆ ಲಾಭವೂ ಇಲ್ಲ. ಚಲಿಸುವವರಿಗೆ ಮಾತ್ರ ಸಹಕಾರಿ ಎಂದು ಆ ಮುನಿ ಹೇಳಿದ್ದು ಅಕ್ಷರಶಃ ನಿಜವಾಗುವ ಜಾಗ ಇದು.

ನೆರಳಿನ ದೃಷ್ಟಾಂತ ಎಚ್ಚರಿಸುವುದು ಎಳೆಯುವುದಕ್ಕಿಂತ ಸೂಕ್ಷ್ಮವಾದ ತಪ್ಪಿನ ಬಗ್ಗೆ: ಸಾಗುತ್ತಿರುವವರನ್ನು ಹಿಡಿದು ನಿಲ್ಲಿಸುವುದು. 1925ರ ಆಗಸ್ಟಿನಲ್ಲಿ ಅಮೆರಿಕದ ಗರ್ಟ್ರೂಡ್ ಎಡರ್ಲೆ ಇಂಗ್ಲಿಷ್ ಕಾಲುವೆಗೆ ಇಳಿದಾಗ ಅವರ ಕೋಚ್ ಜೇಬೆಜ್ ವುಲ್ಫ್, ಆಕೆ ಅಪಾಯದಲ್ಲಿದ್ದಾರೆಂದು ಬಗೆದು, ಪಕ್ಕದಲ್ಲಿ ಈಜುತ್ತಿದ್ದವರಿಗೆ ಆಕೆಯನ್ನು ಹಿಡಿಯಲು ಹೇಳಿದರು. ಹಿಡಿದಲ್ಲಿಗೆ ಪ್ರಯತ್ನ ಮುಗಿಯಿತು. ತಾನು ಮುಳುಗುತ್ತಿರಲಿಲ್ಲ, ಸುಧಾರಿಸಿಕೊಳ್ಳುತ್ತಿದ್ದೆನಷ್ಟೆ ಎಂದು ಎಡರ್ಲೆ ಕಟುವಾಗಿ ಆಕ್ಷೇಪಿಸಿದರು. ಮರುವರ್ಷ ಆಗಸ್ಟ್ 6ರಂದು, ಬೇರೆ ಕೋಚ್ ಜೊತೆಗೆ, ತಂದೆ ಮತ್ತು ಅಕ್ಕ ದೋಣಿಯಲ್ಲಿರುವಾಗ, ಅವರು ಕಾಲುವೆ ದಾಟಿದ ಮೊದಲ ಮಹಿಳೆಯಾದರು. 1925ರಲ್ಲಿ ದೋಣಿಯಲ್ಲಿದ್ದವರ ಅಂಜಿಕೆ ನೀರಿನಲ್ಲಿದ್ದವರ ನಿರ್ಧಾರವನ್ನು ಕಿತ್ತುಕೊಂಡಿತು ಎಂದೇ ನಾನು ಓದುತ್ತೇನೆ. ಹೆದರಿದವರ ಜೊತೆಗಾರರಿಗೆ ದೊಡ್ಡ ಸವಾಲು ಅವರ ಭಯವಲ್ಲ, ತಮ್ಮದೇ ಭಯ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಚಲನೆಗೆ ಆಧಾರವಾದ ಧರ್ಮದ್ರವ್ಯವನ್ನು ಉದಾಸೀನ ನಿಮಿತ್ತ, ಅಂದರೆ ತನ್ನದೇ ಆಸಕ್ತಿಯಿಲ್ಲದ ಕಾರಣ, ಎನ್ನುತ್ತಾರೆ. ನೀರಿಗೆ ಮೀನಿನ ಮೇಲೆ ಮಮತೆಯಿಲ್ಲ. ಗೆಳೆತನ ಹಾಗಿದ್ದರೆ ಅದು ಗೆಳೆತನವೆ? ಅಲ್ಲ ಎಂದೇ ಒಪ್ಪಬೇಕು. 2010ರ ಅಕ್ಟೋಬರಿನಲ್ಲಿ ಫುಜೈರಾದ ಬೆಚ್ಚನೆಯ ಕಡಲಿನಲ್ಲಿ ನಡೆದ 10 ಕಿಲೋಮೀಟರ್ ವಿಶ್ವಕಪ್ ರೇಸಿನಲ್ಲಿ ಈಜುಗಾರ ಫ್ರಾನ್ ಕ್ರಿಪನ್ ತೀರಿಕೊಂಡರು. ಅವರು ಮುಳುಗಿದ್ದು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಗುರಿ ಮುಟ್ಟಿದ ಮೇಲೆ ಅವರು ಬಂದಿಲ್ಲವೆಂದು ಹುಡುಕತೊಡಗಿದವರು ಗೆಳೆಯ, ತಂಡದ ಜೊತೆಗಾರ ಅಲೆಕ್ಸ್ ಮೇಯರ್. ವ್ಯವಸ್ಥೆಯ ಲೆಕ್ಕದಿಂದ ತಪ್ಪಿಹೋದವರನ್ನು ಗೆಳೆಯನ ಕಣ್ಣು ಹುಡುಕಿತು, ಆದರೆ ಹೊತ್ತು ಮೀರಿತ್ತು. ಹಾಗಾಗಿ ನೀರಿನಿಂದ ಕಲಿಯಬೇಕಾದದ್ದು ಎಳೆಯದಿರುವ ಸಂಯಮವನ್ನು, ನಿರ್ಲಿಪ್ತತೆಯನ್ನಲ್ಲ. ಕಣ್ಣು ತೆಗೆಯದೆ ಇರುವುದು ಮನುಷ್ಯರು ಮಾತ್ರ ಸೇರಿಸಬಲ್ಲ ಅಂಶ, ಮತ್ತು ಅದಿಲ್ಲದಿದ್ದರೆ ಸಂಯಮವೇ ಕ್ರೌರ್ಯವಾದೀತು.

ಎರಡನೆಯ ಆಕ್ಷೇಪ ನಮ್ಮ ಕಥೆಗಳಿಂದಲೇ ಬರುತ್ತದೆ. ರಣಕ್ಕೆ ಹೆದರಿ ಓಡಿದ ಉತ್ತರಕುಮಾರನನ್ನು ಬೃಹನ್ನಳೆ ಹಿಡಿದು ತರಲಿಲ್ಲವೆ? ಅದೂ ಬಲವಂತವೇ, ಫಲವೂ ಒಳ್ಳೆಯದೇ ಆಯಿತು. ಆದರೆ ವಿರಾಟಪರ್ವದಲ್ಲಿ ಮುಂದೇನಾಯಿತು ನೋಡಿ. ಕಾದಿದವನು ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ, ಮಗನ ಗೆಲುವೆಂದು ವಿರಾಟ ಹಿಗ್ಗುತ್ತಿದ್ದಾಗ ಗೆದ್ದದ್ದು ತಾನಲ್ಲವೆಂದು ಹೇಳಬೇಕಾದವನು ಉತ್ತರನೇ. ಗೋವುಗಳನ್ನು ಬಿಡಿಸಬೇಕಿದ್ದ ಹೊತ್ತಿನಲ್ಲಿ ಅದು ಸರಿ, ಏಕೆಂದರೆ ಅಲ್ಲಿ ಬೇಕಿದ್ದದ್ದು ಫಲ. ಅದೇ ಅರ್ಜುನ ಮುಂದೆ ಕುರುಕ್ಷೇತ್ರದಲ್ಲಿ ಕುಸಿದಾಗ, ಆಯುಧ ಹಿಡಿಯೆನೆಂದು ಮಾತು ಕೊಟ್ಟ ಸಾರಥಿ ಕೃಷ್ಣ ಅವನ ಬಿಲ್ಲನ್ನು ಎತ್ತಿಕೊಳ್ಳಲಿಲ್ಲ. ಎಲ್ಲವನ್ನೂ ಹೇಳಿ, ಬಗೆದಂತೆ ಮಾಡೆಂದು ಬಿಟ್ಟ. ರೇಸಿಗೆ ಹೆಸರು ಕೊಟ್ಟವರಿಗೆ ಬೇಕಾದದ್ದು ಆಚೆ ದಡವಷ್ಟೇ ಆಗಿದ್ದರೆ ದೋಣಿ ಸಾಕಿತ್ತು.

ಹಾಗಾದರೆ ನಿಜವಾಗಿಯೂ ಕೈ ಹಾಕಬೇಕಾದ ಹೊತ್ತು ಯಾವುದು? ತೋಳಿನ ಲಯ ತಪ್ಪಿದಾಗ, ಕೂಗಿದರೆ ಉತ್ತರ ತೊದಲಿದಾಗ ಅಥವಾ ಬಾರದಿದ್ದಾಗ. ಅಲ್ಲಿ ಗೌರವಿಸಬೇಕಾದ ನಿರ್ಧಾರವೇ ಉಳಿದಿರುವುದಿಲ್ಲ, ಆಗ ಕೇಳದೆ ಹಿಡಿಯಬೇಕು. ಅದಕ್ಕಿಂತ ಮೊದಲಿನ ಎಲ್ಲ ನಿಲುಗಡೆಯೂ ಈಜುವವರದು. ಕೈ ಎತ್ತಿದರೆ ಏನರ್ಥ, ಮಲಗಿ ತೇಲಿದರೆ ಏನರ್ಥ, ಯಾವ ಗುರುತು ಕಂಡರೆ ಗೆಳೆಯರು ದೋಣಿಯನ್ನು ಕರೆಯಬೇಕು ಎಂಬುದನ್ನು ಇಬ್ಬರೂ ಹಿಂದಿನ ದಿನವೇ ಕೂತು ಮಾತಾಡಿಕೊಂಡಿರಬೇಕು. ರೇಸ್ ಶುರುವಾದ ಮೇಲೆ ಇಬ್ಬರ ಕಿವಿಯಲ್ಲೂ ನೀರು.