ಆಶ್ರಯಧಾಮದ ಒರೆಗಲ್ಲು

ಮುಪ್ಪಿನ ತಂದೆತಾಯಿಗಳನ್ನು ಹಗಲಿರುಳೂ ಕೊರೆಯುವ ಪ್ರಶ್ನೆಯೊಂದುಂಟು: “ನಮ್ಮ ತರುವಾಯ ಇವನಿಗೆ ಯಾರು?” ಆಟಿಸಂ, ಅಂದರೆ ಸ್ವಲೀನತೆಯುಳ್ಳ ಮಗನು ನಲವತ್ತು ವರ್ಷದವನಾದಾಗ ಈ ಪ್ರಶ್ನೆಯನ್ನು ಮುಂದೂಡಲಾಗದು. ಸ್ವಲೀನತೆಯು ಬಾಲ್ಯದಲ್ಲಿಯೇ ತೋರಿ ಜೀವಮಾನವಿಡೀ ಇರತಕ್ಕ ಸ್ಥಿತಿ. ಅದು ಪೂರ್ವಜನ್ಮದ ಪಾಪವಲ್ಲ, ತಾಯಿಯ ಲಾಲನೆಯ ಲೋಪವೂ ಅಲ್ಲ. ಆದುದರಿಂದ ಅಂಥವನನ್ನು ಆಶ್ರಯಧಾಮಕ್ಕೆ ಸೇರಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಪರೀಕ್ಷಿಸದೆ ಸೇರಿಸುವುದು ಮಾತ್ರ ತಪ್ಪು.

ಪರೀಕ್ಷೆ ಹೇಗೆ? ಹನ್ನೆರಡನೆಯ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮವೇ ಮೇಲೆಂದು ಸಾರಿದರು. ಕಟ್ಟಡ, ಹೂದೋಟ, ಗೋಡೆಯ ಮೇಲಿನ ದಾನಿಗಳ ಹೆಸರು ಇವೆಲ್ಲ ಸ್ಥಾವರ. ಒಳಗೆ ಬಾಳುವ ಜೀವವೇ ಜಂಗಮ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಧಾಮಕ್ಕೆ ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸತಕ್ಕದ್ದು. ಆದರೆ ಆ ಪತ್ರವು ಬಾಗಿಲವರೆಗೆ ಮಾತ್ರ ಕರೆದೊಯ್ಯುವುದು.

ಬಾಗಿಲೊಳಗೆ ನೋಡತಕ್ಕದ್ದು ನಿತ್ಯದ ನಡೆಯನ್ನು. ಮುಂದೇನು ನಡೆಯುವುದೆಂದು ತಿಳಿಯದಿದ್ದರೆ ಸ್ವಲೀನತೆಯುಳ್ಳ ಅನೇಕರು ಕಳವಳಗೊಳ್ಳುವರು. ದಿನಚರಿಯನ್ನು ಚಿತ್ರಗಳಲ್ಲಾದರೂ ತೋರಿಸಿದ್ದಾರೆಯೇ? ಮಿಕ್ಸಿಯ ಸದ್ದು, ಮಿನುಗುವ ದೀಪ ಕೆಲವರಿಗೆ ಸಹಿಸಲಾಗದ ಹಿಂಸೆ. ಅಂಥ ಹೊತ್ತಿನಲ್ಲಿ ಸರಿದು ಕೂರಲು ಶಾಂತವಾದ ಎಡೆಯುಂಟೆ? ತನ್ನ ಬಟ್ಟೆಯನ್ನು ತಾನೇ ಆರಿಸಿಕೊಳ್ಳುವನೆ? ನಲವತ್ತರ ಮನುಷ್ಯನನ್ನು “ಪಾಪು” ಎಂದು ಕರೆಯುವರೋ, ಹೆಸರು ಹಿಡಿದು ಗೌರವದಿಂದ ಮಾತನಾಡಿಸುವರೋ?

ಮಾತು ಬಾರದವನು ಮೈಯಿಂದ ಮಾತನಾಡುವನು. ಒಬ್ಬನು ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದರೆ ಹಲ್ಲುನೋವೋ ಕಿವಿನೋವೋ ಎಂದು ವೈದ್ಯರಿಗೆ ತೋರಿಸುವುದು ಸೇವೆ. ಕಾರಣವನ್ನೇ ಹುಡುಕದೆ ಮಂಕುಗವಿಸುವ ಮಾತ್ರೆ ಕೊಡುವುದು, ಕೋಣೆಗೆ ಬೀಗ ಹಾಕುವುದು ಹಿಂಸೆ. ಎಲ್ಲರೂ ಸದ್ದಿಲ್ಲದೆ ಕುಳಿತಿರುವ ಧಾಮವು ಶಾಂತಿಧಾಮವೆಂದು ಮೋಸಹೋಗಬಾರದು. ಯಾವ ಔಷಧ, ಏತಕ್ಕೆ, ವೈದ್ಯರು ಅದನ್ನು ಮರುಪರಿಶೀಲಿಸಿದ್ದು ಎಂದು ಎಂಬುದಕ್ಕೆ ಲಿಖಿತ ಲೆಕ್ಕವಿರಬೇಕು.

ಕಾಯಕದ ವಿಷಯದಲ್ಲಿಯೂ ಹಾಗೆಯೇ. ಗಿಡಕ್ಕೆ ನೀರೆರೆಯುವುದಾಗಲಿ, ತರಕಾರಿ ಹೆಚ್ಚುವುದಾಗಲಿ, ಅವನಿಗೆ ಒಪ್ಪುವ, ಫಲ ಕಾಣುವ ಕೆಲಸವಿರಬೇಕು. ಸಂದರ್ಶಕರೆದುರು ತೋರಿಸುವ ಆಟವಾಗಬಾರದು. ಆರೈಕೆಯವರದೂ ಕಾಯಕವೇ. ಅವರಿಗೆ ನ್ಯಾಯವಾದ ಸಂಬಳ, ತರಬೇತಿ, ವಿಶ್ರಾಂತಿಗಳಿಲ್ಲದಿದ್ದರೆ ಅವರು ಬಿಟ್ಟುಹೋಗುವರು. ಒಬ್ಬೊಬ್ಬರು ಹೋದಂತೆಲ್ಲ ಆ ನಿವಾಸಿಯ ಪಾಲಿಗೆ ಪರಿಚಿತ ಲೋಕವೊಂದು ಅಳಿಯುವುದು. ಆದುದರಿಂದ ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ರಾತ್ರಿ ಎಚ್ಚರವಿರುವವರೆಷ್ಟು ಮಂದಿ ಎಂದು ಅವರನ್ನೇ ಕೇಳತಕ್ಕದ್ದು.

ಮುನ್ಸೂಚನೆ ಕೊಡದೆ ಊಟದ ಹೊತ್ತಿಗೆ ಹೋದ ತಂದೆಗೆ ಯಾವ ಧಾಮವು ಬಾಗಿಲು ತೆರೆಯುವುದೋ ಅದು ಅರ್ಧ ಪರೀಕ್ಷೆಯಲ್ಲಿ ಗೆದ್ದಿತು. ಉಳಿದರ್ಧ ಸಮಾಜದ್ದು. ಹೆತ್ತವರು ಲಿಂಗೈಕ್ಯರಾದ ಮೇಲೆ ಆ ಬಾಗಿಲನ್ನು ತಟ್ಟುವವರಾರು? ಒಮ್ಮೆ ಧನವಿತ್ತು ಮರೆಯುವುದು ದಾನ. ಅಣ್ಣತಮ್ಮಂದಿರು, ನೆರೆಯವರು, ಮಠದ ಭಕ್ತರು ಸರದಿಯಿಂದ ಹೋಗಿ ಅವನ ಮಗ್ಗುಲಲ್ಲಿ ಕುಳಿತು ಉಣ್ಣುವುದು ದಾಸೋಹ.