ಆಪ್ತವಾಕ್ಯವೂ ಯಂತ್ರವಾಣಿಯೂ

ಕಣ್ಣಾರೆ ಕಾಣದುದನ್ನು ಮತ್ತೊಬ್ಬರ ಮಾತಿನಿಂದಲೇ ತಿಳಿದೆವೆಂದು ನಾವು ಯಾವಾಗ ಹೇಳಬಹುದು? ಮನುಷ್ಯನ ತಿಳಿವಳಿಕೆಯ ಬಹುಭಾಗವು ಕೇಳಿ ಬಂದುದೇ ಆಗಿರುವುದರಿಂದ, ಕೇಳ್ಮೆಯ ತಳಹದಿ ಸಡಿಲವಾದರೆ ಲೋಕವ್ಯವಹಾರವೂ ಧರ್ಮಜಿಜ್ಞಾಸೆಯೂ ಒಟ್ಟಿಗೇ ಕುಸಿಯುವುವೆಂಬ ಎಚ್ಚರದಿಂದ ನಮ್ಮ ದಾರ್ಶನಿಕರು ಈ ಪ್ರಶ್ನೆಯನ್ನು ವಿಚಾರಿಸಿದರು. ಬೌದ್ಧರೂ ವೈಶೇಷಿಕರೂ ಶಬ್ದವನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಲಿಲ್ಲ. ನೈಯಾಯಿಕರು ಒಪ್ಪಿದರು, ಆದರೆ ಅದು ಆಪ್ತನಾದವನ ಮಾತಾಗಿರಬೇಕೆಂದು ನಿಯಮಿಸಿದರು. ಆಪ್ತನಾರು? ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತಿರುವುದು, ಜೀವಿಗಳಲ್ಲಿ ದಯೆ, ಇದ್ದುದನ್ನು ಇದ್ದಂತೆಯೇ ತಿಳಿಸಬೇಕೆಂಬ ಇಚ್ಛೆ, ಇವು ಆಪ್ತನ ಗುಣಗಳೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ನಿರೂಪಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ಆಪ್ತನ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಹೇಳುತ್ತಾನೆ. ಪ್ರಾಮಾಣ್ಯಕ್ಕೆ ಗುಣವೇ ಆಧಾರ, ಕುಲವಲ್ಲವೆಂಬ ಈ ಔದಾರ್ಯವನ್ನು ನಮ್ಮ ತರ್ಕಶಾಸ್ತ್ರದ ಹಿರಿಯ ಸಂಪತ್ತುಗಳಲ್ಲೊಂದೆಂದು ನಾನು ಎಣಿಸುತ್ತೇನೆ.

ಮ್ಲೇಚ್ಛನಿಗೂ ತೆರೆದಿರುವ ಈ ಬಾಗಿಲು ಯಂತ್ರಕ್ಕೆ ತೆರೆದೀತೆ? ತಾಯಿ, ಪತ್ನಿ, ಮಗಳೊಡನೆ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಸುತ್ತುತ್ತಿದ್ದಾಗ ಈ ಪ್ರಶ್ನೆಯು ನನಗೆ ಶಾಸ್ತ್ರಗ್ರಂಥದ ಹೊರಗೆ, ಬಿಸಿಲು ಕಾಯ್ದ ಹಾಸುಗಲ್ಲುಗಳ ಮೇಲೆ ಎದುರಾಯಿತು. ಮಗಳು ತನ್ನ ಮೊಬೈಲನ್ನು ಯಾವ ಶಿಲ್ಪದ ಕಡೆಗೆ ಹಿಡಿದರೂ ಅದರೊಳಗಿನ ಕೃತಕ ಬುದ್ಧಿಮತ್ತೆಯ ಮಾರ್ಗದರ್ಶಿಯು ಸ್ಫುಟವಾದ ಕನ್ನಡದಲ್ಲಿ ವಿವರಣೆ ಕೊಡುತ್ತಿತ್ತು: 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನು ಈ ದೇವರನ್ನು ಪ್ರತಿಷ್ಠಾಪಿಸಿದನೆಂದೂ, ಬಳಪದ ಕಲ್ಲು ಮೃದುವಾದುದರಿಂದಲೇ ಆಭರಣದ ಎಳೆ ಎಳೆಯೂ ಉಳಿಗೆ ಒದಗಿತೆಂದೂ, ಒಳಗೂ ಹೊರಗೂ ಸೇರಿ ಮದನಿಕೆಯರು 42 ಎಂದೂ, ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಅವುಗಳಲ್ಲಿ ಕೆಲವನ್ನು ಕಡೆದರೆಂದೂ ಹೇಳಿತು. ಅದೇ ಉಸಿರಿನಲ್ಲಿ, ಅದೇ ನಿಶ್ಚಯದ ದನಿಯಲ್ಲಿ, ಜಕಣಾಚಾರಿಯು ಈ ಗುಡಿಯನ್ನು ಕಟ್ಟಿದನೆಂದೂ, ಅವನ ಮಗ ಡಂಕಣನು ಮೂರ್ತಿಯ ಶಿಲೆಯಲ್ಲಿ ಕಪ್ಪೆಯನ್ನು ತೋರಿಸಿಕೊಟ್ಟಾಗ ತಂದೆಯು ತನ್ನ ಬಲಗೈಯನ್ನೇ ಕತ್ತರಿಸಿಕೊಂಡನೆಂದೂ ಹೇಳಿತು.

ನನ್ನ ಮನಸ್ಸು ನಿಂತುದು ಇಲ್ಲಿಯೇ. ದಾಸೋಜನ ಹೆಸರನ್ನು ಶಿಲ್ಪದ ಪೀಠದ ಮೇಲೆ ಅಕ್ಷರಗಳೇ ಸಾರುತ್ತವೆ. ಜಕಣಾಚಾರಿಯಾದರೋ ಜನದ ನಾಲಗೆಯ ಮೇಲೆ ಬದುಕಿರುವವನು, ಬೇಲೂರಿನ ಶಿಲ್ಪಿಗಳು ಕೊರೆದಿಟ್ಟ ಹೆಸರುಗಳೊಳಗೆ ಅವನದಿಲ್ಲ. ಕಲ್ಲಿನ ಮೇಲೆ ಉಳಿದ ತಂದೆಮಕ್ಕಳೂ ಕಥೆಯೊಳಗೆ ಬಾಳಿದ ತಂದೆಮಕ್ಕಳೂ ನಮಗೆ ಬೇಕಾದವರೇ. ಆದರೆ ಈ ಎರಡು ಜೋಡಿಗಳ ಇರವಿನ ರೀತಿ ಒಂದಲ್ಲ. ಈ ಭೇದವನ್ನು ತಿಳಿಸದ ಮಾತಿನಲ್ಲಿ ಪ್ರತಿಯೊಂದು ಪದವೂ ಸರಿಯಾಗಿದ್ದರೂ, ಇದ್ದುದನ್ನು ಇದ್ದಂತೆ ಹೇಳಬೇಕೆಂಬ ಇಚ್ಛೆಯು ಅದರ ಹಿಂದೆ ಇದೆಯೆಂದು ಹೇಗೆ ನಂಬುವುದು?

ಅದೇ ಆವರಣದ ಕಪ್ಪೆಚೆನ್ನಿಗರಾಯನ ಗುಡಿಯ ಮುಂದೆ ನನ್ನ ತಾಯಿಯೂ ಅದೇ ಕಥೆಯನ್ನು ಹೇಳಿದರು. ಮೂರ್ತಿಗೆ ಬಳಿದ ಗಂಧವೆಲ್ಲ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿದ ವಿಚಾರವನ್ನೂ, ಆ ಶಿಲ್ಪಿಗೆ ಕೈದಾಳದಲ್ಲಿ ಕೇಶವನು ಮತ್ತೆ ಕೈ ಕೊಟ್ಟ ವಿಚಾರವನ್ನೂ ಸೇರಿಸಿದರು. "ಇದು ನಿಜವಾ, ಅಜ್ಜಿ?" ಎಂದು ಮಗಳು ಕೇಳಿದಾಗ, "ನಮ್ಮಪ್ಪ ಹೇಳ್ತಿದ್ರು ಕಣೇ, ನಾನೇನು ಕಂಡಿದ್ದಲ್ಲ" ಎಂದರು. ಕಥೆಯ ವಿಷಯದಲ್ಲಿ ಯಂತ್ರದ ಮಾತಿಗೂ ತಾಯಿಯ ಮಾತಿಗೂ ಶಾಸನದ ಬೆಂಬಲವಿಲ್ಲ. ಆದರೂ ಆಪ್ತತೆಯು ತಾಯಿಯಲ್ಲಿ ಪೂರ್ಣವಾಗಿತ್ತು. ತಾನು ಕಾಣದುದನ್ನು ಕಂಡೆನೆನ್ನಲಿಲ್ಲ, ಯಾರಿಂದ ಬಂದಿತೋ ಅವರನ್ನು ಮುಂದಿಟ್ಟರು, ಕೇಳಿದ ಮಗುವಿನ ಬುದ್ಧಿಗೆ ಸ್ವಾತಂತ್ರ್ಯವನ್ನು ಉಳಿಸಿಕೊಟ್ಟರು. ಭಾಷ್ಯಕಾರನು ಹೇಳುವ ದಯೆಯೆಂದರೆ ಇದೇ ಇರಬೇಕೆಂದು ನನಗೆ ತೋರುತ್ತದೆ.

ಯಂತ್ರಕ್ಕೆ ರಾಗವಿಲ್ಲ, ಲೋಭವಿಲ್ಲ, ದ್ವೇಷವಿಲ್ಲ. ಕರ್ತೃವಿಲ್ಲದ ವೇದಕ್ಕೆ ಕರ್ತೃದೋಷವೂ ಇಲ್ಲವೆಂದು ಮೀಮಾಂಸಕರು ವಾದಿಸಿದಂತೆ, ಹೇಳುವವನೇ ಇಲ್ಲದ ಈ ವಾಣಿಯನ್ನೂ ನಿರ್ದೋಷವೆನ್ನಬಾರದೇಕೆ ಎಂದು ಯಾರಾದರೂ ಕೇಳಬಹುದು. ಸಾದೃಶ್ಯವು ಮೇಲುನೋಟಕ್ಕೆ ಮಾತ್ರ. ಈ ವಾಣಿಯು ಅಸಂಖ್ಯ ಮನುಷ್ಯರು ಬರೆದಿಟ್ಟ ಬರೆಹಗಳಿಂದ ಹುಟ್ಟಿದುದು. ಇಲ್ಲಿ ಪುರುಷರು ಇಲ್ಲವೆಂದಲ್ಲ, ಮರೆಯಾಗಿದ್ದಾರೆ. ಅವರ ಭ್ರಮೆ ಪ್ರಮಾದಗಳು ಮಾತಿನೊಳಗೆ ಬಂದು ಸೇರುತ್ತವೆ, ಅವಕ್ಕೆ ಉತ್ತರ ಹೇಳಬೇಕಾದ ಪುರುಷನು ಮಾತ್ರ ಬರುವುದಿಲ್ಲ.

ಇಷ್ಟು ಹೇಳಿದರೂ ಆ ಯಂತ್ರವನ್ನು ತಿರಸ್ಕರಿಸಲು ನನಗೆ ಮನಸ್ಸು ಬಾರದು. ವಿಷ್ಣುವರ್ಧನನು ಕೇಶವನನ್ನು ಪ್ರತಿಷ್ಠಾಪಿಸಿದ ಮೇಲೂ ಅವನ ರಾಣಿ ಶಾಂತಲೆಯು ಜಿನಭಕ್ತೆಯಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ನನ್ನ ತಾಯಿ ಮೊದಲು ಕೇಳಿದುದು ಅದರಿಂದಲೇ. ಕೇಳಿ, ಒಂದೇ ಅರಮನೆಯಲ್ಲಿ ಎರಡು ಭಕ್ತಿಗಳು ಬಾಳಿದ ಬಗೆಯನ್ನು ನೆನೆದು ಬಹಳ ಹೊತ್ತು ಸಂತೋಷಪಟ್ಟರು. ಅರಸನು ಈ ಗುಡಿಯನ್ನೇಕೆ ಕಟ್ಟಿಸಿದನೆಂಬಲ್ಲಿ ಮಾತ್ರ ಅದು ರಾಮಾನುಜರ ಪ್ರಭಾವವನ್ನೊಂದನ್ನೇ ಹೇಳಿ ಮುಗಿಸಿತು; 1116ರಲ್ಲಿ ತಲಕಾಡಿನಲ್ಲಿ ಚೋಳರ ಮೇಲೆ ದೊರೆತ ಜಯವನ್ನೂ, ವಿಜಯನಾರಾಯಣನೆಂಬ ದೇವರ ಹೆಸರನ್ನೂ ಮುಂದಿಟ್ಟುಕೊಂಡು ಬೇರೆ ಕಾರಣ ಹೇಳುವ ಚರಿತ್ರಕಾರರಿದ್ದಾರೆ. ಸಂದೇಹವಿದ್ದೆಡೆ ಸಂದೇಹವನ್ನೇ ತಿಳಿಸುವುದು ಕೂಡ ಇದ್ದುದನ್ನು ಇದ್ದಂತೆ ಹೇಳುವುದರೊಳಗೆ ಸೇರಿದೆಯಷ್ಟೆ.

ಆದುದರಿಂದ ಯಂತ್ರವು ಆಪ್ತನಲ್ಲ. ಆಪ್ತರ ಮಾತನ್ನು ಹೊತ್ತು ತರುವ ಓಲೆಕಾರನಾಗಬಲ್ಲುದು. ಆದರೆ ಓಲೆಕಾರನು ಓಲೆ ಕಳಿಸಿದವರಾರೆಂಬುದನ್ನು ಮರೆಸಬಾರದು. ಚಾವಣನ ಹೆಸರನ್ನೆತ್ತಿದಾಗ ಅದು ನನ್ನ ಮಗಳಿಗೆ ಪೀಠದ ಮೇಲಿನ ಹಳಗನ್ನಡದ ಅಕ್ಷರಗಳನ್ನು ತೋರಿಸಲಿ, ಡಂಕಣನ ಹೆಸರನ್ನೆತ್ತಿದಾಗ ಆ ಕಥೆಯನ್ನು ಕಾಪಾಡಿಕೊಂಡು ಬಂದ ಮನೆಮಂದಿಯನ್ನು ನೆನೆಯಲಿ. ಯಾವುದನ್ನು ಎಷ್ಟು ನಂಬಬೇಕೆಂಬುದನ್ನು ಅವಳೂ ಅವಳ ಅಜ್ಜಿಯೂ ಜಗಲಿಯ ಮೇಲೆ ಕುಳಿತು ವಿಚಾರಿಸಿಕೊಳ್ಳಬಲ್ಲರು.