ಮುಂಜಾನೆಯ ಬರಕತ್ ಯಾರ ಪಾಲಿಗೆ?

ಬೆಳಿಗ್ಗೆ ಬೇಗ ಏಳುವುದು ಒಳ್ಳೆಯದೆಂಬ ಮಾತಿಗೆ ಎದುರಾಡುವವರಿಲ್ಲ. ಹಿರಿಯರು ಅದನ್ನು ಹೇಳುತ್ತಾರೆ, ಶಾಲೆಯ ಗೋಡೆಯ ಮೇಲೂ ಅದು ಬರೆದಿರುತ್ತದೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಕೋಳಿ ನಮಗಿಂತ ಮೊದಲೇ ಏಳುತ್ತದೆ. ಬಡ್ಡಿ ವ್ಯಾಪಾರಿಯೂ ಬೇಗನೆ ಎದ್ದು ಲೆಕ್ಕದ ಪುಸ್ತಕ ತೆರೆಯಬಲ್ಲ. ಹಾಗಾದರೆ ಬೇಗ ಏಳುವುದೇ ಒಂದು ಸದ್ಗುಣವೇ? ಅಥವಾ ಎದ್ದ ಮೇಲೆ ಏನು ಮಾಡುತ್ತೇವೆ, ನಮ್ಮ ಆ ಬೆಳಗಿಗೆ ಬೆಲೆ ತೆರುವವರು ಯಾರು ಎಂಬುದರಲ್ಲಿ ಅದರ ಮೌಲ್ಯ ಅಡಗಿದೆಯೇ?

ಈ ಪ್ರಶ್ನೆ ನನ್ನಲ್ಲಿ ಮೂಡಿದ್ದು ಕಿತಾಬುಗಳ ನಡುವೆ ಅಲ್ಲ, ನಮ್ಮ ಅಡುಗೆಮನೆಯ ಬಾಗಿಲಲ್ಲಿ. ನಾನು ಬೆಳಗಿನ ಮದ್ರಸದಲ್ಲಿ ಕಲಿಸುವವನು. ಅಝಾನ್‌ಗೆ ಮೊದಲೇ ಎದ್ದು ನಾಲ್ಕು ರಕ್‌ಅತ್ ತಹಜ್ಜುದ್ ನಿರ್ವಹಿಸಿ, ಮಸೀದಿಯ ಮೊದಲ ಸಾಲಿನಲ್ಲಿ ಫಜ್ರ್ ನಮಾಝ್ ಮಾಡಿ, ಒಂದಷ್ಟು ಹೊತ್ತು ಕುರ್‌ಆನ್ ಪಾರಾಯಣ ಮಾಡಿ ಮನೆಗೆ ಮರಳುವುದು ನನ್ನ ರೂಢಿ. ಮನೆಗೆ ಬಂದರೆ ಬಿಸಿ ಚಹಾ, ನೀರುದೋಸೆ, ಸ್ನಾನಕ್ಕೆ ಕಾದ ನೀರು ಎಲ್ಲವೂ ಸಿದ್ಧವಾಗಿರುತ್ತಿತ್ತು. ವರ್ಷಗಟ್ಟಲೆ ಹೀಗೆಯೇ ನಡೆಯಿತು. ನನ್ನ ದಿನಚರಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಮಕ್ಕಳಿಗೆ ಅದನ್ನೇ ಮಾದರಿಯೆಂದು ಹೇಳುತ್ತಲೂ ಇದ್ದೆ.

ಒಂದು ದಿನ ಜ್ವರವಿದ್ದುದರಿಂದ ಮಸೀದಿಗೆ ಹೋಗಲಾಗದೆ ಮನೆಯಲ್ಲೇ ನಮಾಝ್ ಮಾಡಿ ಮಲಗಿದ್ದೆ. ಆಗ ಕಂಡೆ. ನನ್ನ ಪತ್ನಿ ಬಚ್ಚಲೊಲೆಗೆ ಬೆಂಕಿ ಹಾಕಿ, ಅಕ್ಕಿ ರುಬ್ಬಿ, ಕಾವಲಿ ಇಟ್ಟಿದ್ದಳು. ಕಿರಿಯ ಮಗು ಅಳುತ್ತಾ ಎದ್ದಿತು. ದೊಡ್ಡವಳಿಗೆ ಮದ್ರಸದ ಚೀಲ ಸಿಗಲಿಲ್ಲ. ಈ ನಡುವೆ ಅವಳು ಎರಡು ಬಾರಿ ಕಿಟಕಿಯಾಚೆ ಹರಡುತ್ತಿದ್ದ ಬೆಳಕನ್ನು ನೋಡಿದಳು. ಸೂರ್ಯೋದಯಕ್ಕೆ ಇನ್ನು ಏಳೆಂಟು ನಿಮಿಷವಿದೆ ಎನ್ನುವಾಗ ಓಡಿಹೋಗಿ ವುಝೂ ಮಾಡಿ, ಅವಸರ ಅವಸರವಾಗಿ ಎರಡು ರಕ್‌ಅತ್ ಮುಗಿಸಿದಳು.

"ದಿನವೂ ಹೀಗೆಯೇನಾ?" ಎಂದು ಕೇಳಿದೆ.

"ನೀವು ಬರುವಾಗ ದೋಸೆ ಬಿಸಿ ಇರಬೇಕಲ್ಲ" ಎಂದಳು.

ಆ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ನನ್ನ ನಿಶ್ಚಿಂತೆಯ ಪಾರಾಯಣಕ್ಕೆ ಬೆಲೆ ತೆರುತ್ತಿದ್ದುದು ಅವಳ ಅವಸರದ ನಮಾಝ್ ಆಗಿತ್ತು.

ಪ್ರಾರ್ಥನೆ ಇಡೀ ಸಮುದಾಯಕ್ಕೆ

ನಿದ್ರೆಯನ್ನು ವಿಶ್ರಾಂತಿಯಾಗಿ, ರಾತ್ರಿಯನ್ನು ಹೊದಿಕೆಯಾಗಿ, ಹಗಲನ್ನು ಜೀವನೋಪಾಯದ ವೇಳೆಯಾಗಿ ಮಾಡಿದ್ದನ್ನು ಅಲ್ಲಾಹನು ತನ್ನ ಅನುಗ್ರಹವಾಗಿ 'ಅನ್ನಬಅ್' ಅಧ್ಯಾಯದಲ್ಲಿ ನೆನಪಿಸುತ್ತಾನೆ. ಮುಂಜಾನೆಯ ಕುರ್‌ಆನ್ ಪಠಣಕ್ಕೆ ಸಾಕ್ಷಿಗಳಿರುತ್ತಾರೆಂದು 'ಬನೀ ಇಸ್ರಾಈಲ್' ಅಧ್ಯಾಯವು ತಿಳಿಸುತ್ತದೆ. ತಮ್ಮ ಸಮುದಾಯಕ್ಕೆ ಮುಂಜಾನೆಯಲ್ಲಿ ಸಮೃದ್ಧಿ ನೀಡಬೇಕೆಂದು ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದರು. ಈ ಹದೀಸನ್ನು ವರದಿ ಮಾಡಿದ ಹ. ಸಖ್ರ್ ಅಲ್‌ಗಾಮಿದೀ(ರ) ಒಬ್ಬ ವ್ಯಾಪಾರಿ. ಅವರು ತಮ್ಮ ಸರಕನ್ನು ಮುಂಜಾನೆಯೇ ಕಳುಹಿಸುತ್ತಿದ್ದರು. ಅದರಿಂದ ಅವರ ಸಂಪತ್ತು ವೃದ್ಧಿಯಾಯಿತೆಂದು ಅದೇ ವರದಿಯಲ್ಲಿದೆ.

ನಾವು ಈ ಹದೀಸನ್ನು ಹೇಳುವಾಗ ಒಂದು ಮಾತನ್ನು ಗಮನಿಸುವುದಿಲ್ಲ. ಆ ಪ್ರಾರ್ಥನೆ ಇಡೀ ಸಮುದಾಯಕ್ಕಾಗಿ ಮಾಡಿದ್ದು. ಸಮುದಾಯವೆಂದರೆ ಮಸೀದಿಯ ಮೊದಲ ಸಾಲು ಮಾತ್ರವೇ? ಅಡುಗೆಮನೆಯಲ್ಲಿ ಹೊಗೆಯ ನಡುವೆ ನಿಂತವಳಿಗೆ, ನಿದ್ದೆಗಣ್ಣಿನಲ್ಲಿ ಚೀಲ ಹೊತ್ತು ನಡೆಯುವ ಮಗುವಿಗೆ ಆ ಬರಕತ್‌ನಲ್ಲಿ ಪಾಲಿಲ್ಲವೇ?

ಹ. ಸಲ್ಮಾನ್(ರ) ಮತ್ತು ಹ. ಅಬುದ್ದರ್ದಾ(ರ) ಅವರ ಘಟನೆ ನಮ್ಮಲ್ಲಿ ಹಲವರಿಗೆ ತಿಳಿದಿದೆ. ಪ್ರವಾದಿವರ್ಯರು(ಸ) ಅವರಿಬ್ಬರ ನಡುವೆ ಸಹೋದರ ಸಂಬಂಧ ಬೆಸೆದಿದ್ದರು. ಸಲ್ಮಾನ್(ರ) ಒಮ್ಮೆ ಆ ಮನೆಗೆ ಬಂದಾಗ ಗೃಹಿಣಿ ತೀರಾ ಸಾಧಾರಣ ಉಡುಪಿನಲ್ಲಿದ್ದರು. ಕಾರಣ ಕೇಳಿದಾಗ, ನಿಮ್ಮ ಸಹೋದರನಿಗೆ ಈ ಲೋಕದ ಯಾವುದರಲ್ಲೂ ಆಸಕ್ತಿಯಿಲ್ಲವೆಂದು ಅವರು ತಿಳಿಸಿದರು. ರಾತ್ರಿ ಅಬುದ್ದರ್ದಾ(ರ) ನಮಾಝ್‌ಗೆ ಎದ್ದಾಗ ಸಲ್ಮಾನ್(ರ) ಮಲಗುವಂತೆ ಹೇಳಿದರು. ಮತ್ತೆ ಎದ್ದಾಗ ಮತ್ತೆ ಮಲಗಿಸಿದರು. ರಾತ್ರಿಯ ಕೊನೆಯ ಭಾಗದಲ್ಲಿ ತಾವೇ ಎಬ್ಬಿಸಿದರು, ಇಬ್ಬರೂ ನಮಾಝ್ ಮಾಡಿದರು. ಬಳಿಕ ಸಲ್ಮಾನ್(ರ) ಅವರಿಗೆ ತಿಳಿಹೇಳಿದ್ದು ಇಷ್ಟೇ: ಪ್ರಭುವಿಗೆ ನಿಮ್ಮ ಮೇಲೆ ಹಕ್ಕಿದೆ, ನಿಮ್ಮ ಶರೀರಕ್ಕೂ ಹಕ್ಕಿದೆ, ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರಿಗೂ ಅವರವರ ಹಕ್ಕನ್ನು ಸಲ್ಲಿಸಬೇಕು. ಈ ವಿಷಯ ತಲುಪಿದಾಗ ಪ್ರವಾದಿವರ್ಯರು(ಸ) ಸಲ್ಮಾನರ ಮಾತು ಸರಿಯೆಂದರು.

ಈ ಘಟನೆಯಲ್ಲಿ ಯಾರೂ ತಹಜ್ಜುದ್ ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಅದು ತನ್ನ ಸ್ಥಾನಕ್ಕೆ ಬಂತು, ಅಷ್ಟೇ. ಆರಾಧನೆ ಇನ್ನೊಬ್ಬರ ಹಕ್ಕನ್ನು ನುಂಗದೆ ನಿಲ್ಲುವುದೇ ಆ ಸ್ಥಾನ.

ಒಂದು ಆಕ್ಷೇಪ

ಇದನ್ನು ನನ್ನ ಸ್ನೇಹಿತರೊಬ್ಬರಲ್ಲಿ ಹೇಳಿದಾಗ, "ಮನೆಗೆಲಸಕ್ಕೂ ಅವರಿಗೆ ಪುಣ್ಯವಿದೆಯಲ್ಲ" ಎಂದರು. ನಿಜ. ಸದುದ್ದೇಶದಿಂದ ಮಾಡಿದ ಯಾವ ಕೆಲಸವನ್ನೂ ಅಲ್ಲಾಹನು ವ್ಯರ್ಥಗೊಳಿಸುವುದಿಲ್ಲ. ಆದರೆ ಅವರಿಗೆ ಪುಣ್ಯವಿದೆ ಎನ್ನುವುದು ನಮ್ಮ ಸೋಮಾರಿತನಕ್ಕೆ ಫತ್ವಾ ಆಗುವುದಿಲ್ಲ. ಹೊರೆ ಹೊತ್ತವನಿಗೆ ಪ್ರತಿಫಲವಿದೆಯೆಂದು ಅವನ ತಲೆಯ ಮೇಲೆ ಇನ್ನೊಂದು ಮೂಟೆ ಇಡುವುದು ನ್ಯಾಯವೇ? ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಹ. ಆಯಿಶಾ(ರ) ಕೊಟ್ಟ ಉತ್ತರ ನಮ್ಮೆಲ್ಲರ ಬಾಯಿ ಮುಚ್ಚಿಸುವಂಥದ್ದು. ಅವರು ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ವೇಳೆಯಾದಾಗ ಹೊರಡುತ್ತಿದ್ದರು. ಇವೆರಡೂ ಒಂದೇ ಉತ್ತರದಲ್ಲಿವೆ. ನಾವು ಎರಡನೆಯದನ್ನು ಮಾತ್ರ ಅನುಕರಿಸುತ್ತಿದ್ದೇವೆ.

ಬೆಳಗು ಆರಂಭವಾಗುವುದು ರಾತ್ರಿ

ಮದ್ರಸದ ಬೆಂಚಿನ ಮೇಲೆ ತೂಕಡಿಸುವ ಮಕ್ಕಳನ್ನು ನಾನು ಪ್ರತಿದಿನ ನೋಡುತ್ತೇನೆ. ಮೊದಮೊದಲು ಗದರುತ್ತಿದ್ದೆ. ಈಗ, ರಾತ್ರಿ ಎಷ್ಟು ಗಂಟೆಗೆ ಮಲಗಿದೆ ಎಂದು ಕೇಳುತ್ತೇನೆ. ಹನ್ನೊಂದು, ಹನ್ನೊಂದೂವರೆ ಎಂಬ ಉತ್ತರ ಬರುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕೆನ್ನುತ್ತಾರೆ ನಿದ್ರಾತಜ್ಞರು. ಹನ್ನೊಂದಕ್ಕೆ ಮಲಗಿದ ಮಗುವನ್ನು ಐದೂವರೆಗೆ ಎಬ್ಬಿಸಿದರೆ ಅದಕ್ಕೆ ಸಿಕ್ಕಿದ್ದು ಆರೂವರೆ ಗಂಟೆ ಮಾತ್ರ. ಆ ಮಗುವಿಗೆ ಪಾಠ ಹತ್ತದಿದ್ದರೆ ತಪ್ಪು ಯಾರದು?

ಇಶಾಕ್ಕೆ ಮೊದಲು ಮಲಗುವುದನ್ನೂ ಇಶಾದ ಬಳಿಕ ಹರಟುವುದನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲವೆಂದು ಹ. ಅಬೂ ಬರ್ಝಾ(ರ) ವರದಿ ಮಾಡಿದ್ದಾರೆ. ಇಂದು ನಮ್ಮ ಮನೆಗಳಲ್ಲಿ ಇಶಾದ ಬಳಿಕ ಬಾಯಿಗಳು ಸುಮ್ಮನಿವೆ, ಬೆರಳುಗಳು ಹರಟುತ್ತಿವೆ. ಮೊಬೈಲ್‌ನ ಪ್ರಕಾಶ ರಾತ್ರಿ ಹೊತ್ತು ಕಣ್ಣಿಗೆ ಬಿದ್ದಷ್ಟೂ ನಿದ್ರೆ ದೂರ ಸರಿಯುತ್ತದೆ. ಮುಂಜಾನೆಯ ಬೆಳಕಾದರೋ ದೇಹದ ಗಡಿಯಾರವನ್ನು ಸರಿಪಡಿಸಿ ರಾತ್ರಿ ಸಕಾಲಕ್ಕೆ ನಿದ್ರೆ ಬರಿಸುತ್ತದೆ. ತಂದೆ ಹಾಸಿಗೆಯಲ್ಲಿ ಮೊಬೈಲ್ ಹಿಡಿದುಕೊಂಡು ಮಗನಿಗೆ ಮಲಗು ಎಂದರೆ ಅವನು ಮಾತನ್ನಲ್ಲ, ಕೈಯನ್ನು ನೋಡುತ್ತಾನೆ.

ನಮ್ಮ ಮಂಗಳೂರಿನ ಕಡೆ ಫಜ್ರ್‌ನ ಉದಯಕ್ಕೂ ಸೂರ್ಯೋದಯಕ್ಕೂ ನಡುವೆ ಸಿಗುವುದು ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಜನವರಿಯಲ್ಲಿ ಸೂರ್ಯ ಏಳಕ್ಕೆ ಹತ್ತಿರವಾಗಿ ಮೂಡಿದರೆ ಜೂನ್ ಆರಂಭದಲ್ಲಿ ಆರರ ಆಸುಪಾಸಿಗೆ ಮೂಡುತ್ತಾನೆ. ಗಡಿಯಾರದ ಮುಳ್ಳು ಬದಲಾದರೂ ಈ ಅವಧಿ ಅಷ್ಟೇ ಪುಟ್ಟದು. ಮನೆಯ ಎಲ್ಲರೂ ಈ ಅವಧಿಯಲ್ಲಿ ನೆಮ್ಮದಿಯಿಂದ ಅಲ್ಲಾಹನ ಮುಂದೆ ನಿಲ್ಲುವಂತಾಗಬೇಕಾದರೆ ರಾತ್ರಿಯೇ ಸಿದ್ಧತೆಯಾಗಬೇಕು.

ನಮ್ಮ ಮನೆಯಲ್ಲಿ ನಾವು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ಇಶಾದ ಬಳಿಕ ಮೊಬೈಲುಗಳು ಕಪಾಟಿನ ಮೇಲೆ ಹೋಗುತ್ತವೆ. ಮಕ್ಕಳ ಚೀಲ, ಬಟ್ಟೆ ರಾತ್ರಿಯೇ ಸಿದ್ಧವಾಗುತ್ತವೆ. ಹಿಟ್ಟು ರುಬ್ಬುವ ಕೆಲಸವೂ ಆಗಲೇ ಮುಗಿಯುತ್ತದೆ. ಬಚ್ಚಲೊಲೆಯ ಬೆಂಕಿ ನನ್ನ ಪಾಲಿನದು. ನಾಲ್ಕು ರಕ್‌ಅತ್ ತಹಜ್ಜುದ್ ಎರಡಾಯಿತು. ಅಝಾನ್ ಆದಾಗ ಒಲೆಯ ಬಳಿ ಯಾರೂ ಇರುವುದಿಲ್ಲ, ಮೊದಲು ನಮಾಝ್. ಮಸೀದಿಯಿಂದ ಬಂದ ಬಳಿಕ ಮಕ್ಕಳನ್ನು ಹೊರಡಿಸುವುದು ನನ್ನ ಕೆಲಸ. ಅದು ಮುಗಿಯುವವರೆಗೆ ಅವಳು ತನ್ನ ಮುಸಲ್ಲಾದ ಮೇಲೆ ಕುಳಿತಿರಬಹುದು. ನಾನು ಹೊಯ್ದ ಮೊದಲ ದೋಸೆ ಕಾವಲಿ ಬಿಟ್ಟು ಏಳಲಿಲ್ಲ. ಮಕ್ಕಳು ಅಂದು ಅವಲಕ್ಕಿ ತಿಂದು ನಗುತ್ತಾ ಹೋದರು.

ನಗುವೂ ಬೆಳಗಿನ ಒಂದು ಭಾಗವೇ. ಪ್ರವಾದಿವರ್ಯರು(ಸ) ಫಜ್ರ್‌ನ ಬಳಿಕ ಸೂರ್ಯೋದಯದವರೆಗೆ ನಮಾಝ್ ಮಾಡಿದ ಜಾಗದಲ್ಲೇ ಕುಳಿತಿರುತ್ತಿದ್ದರು. ಸಹಾಬಿಗಳು ಅಲ್ಲಿ ಅಜ್ಞಾನಕಾಲದ ತಮ್ಮ ಕಥೆಗಳನ್ನು ಹೇಳಿಕೊಂಡು ನಗುತ್ತಿದ್ದರು, ಪ್ರವಾದಿವರ್ಯರು(ಸ) ಮುಗುಳ್ನಗುತ್ತಿದ್ದರು ಎಂದು ಹ. ಜಾಬಿರ್ ಬಿನ್ ಸಮುರಾ(ರ) ಹೇಳಿದ್ದಾರೆ. ಗದರಿಕೆಯಿಂದ ಎದ್ದ ಮಗುವಿಗೆ ಫಜ್ರ್ ಎಂದರೆ ಗದರಿಕೆಯೇ ನೆನಪಾಗುತ್ತದೆ.

ಎಡವಿದಾಗ

ರಾತ್ರಿ ಪಾಳಿಯ ದುಡಿಮೆಯವರು, ರೋಗಿಯ ಬಳಿ ಎಚ್ಚರವಿರುವವರು, ಹಾಲೂಡಿಸುವ ತಾಯಂದಿರು ನಮ್ಮಲ್ಲಿದ್ದಾರೆ. ಅವರ ಬೆಳಗು ನಮ್ಮ ಬೆಳಗಿನಂತಿರುವುದಿಲ್ಲ. ಅವರನ್ನು ಸೋಮಾರಿಗಳೆನ್ನಲು ನಮಗೆ ಹಕ್ಕಿಲ್ಲ. ಖೈಬರ್‌ನಿಂದ ಮರಳುವ ದಾರಿಯಲ್ಲಿ ಕಾವಲಿಗೆ ನಿಂತಿದ್ದ ಹ. ಬಿಲಾಲ್(ರ) ಅವರಿಗೇ ನಿದ್ರೆ ಹತ್ತಿತು. ಪ್ರವಾದಿವರ್ಯರೂ(ಸ) ಸೇರಿ ಇಡೀ ತಂಡ ಎಚ್ಚರಗೊಂಡದ್ದು ಬಿಸಿಲು ಮೈಗೆ ತಾಗಿದಾಗ. ಬಿಲಾಲರನ್ನು ಅಲ್ಲಿ ಅವಮಾನಿಸಲಿಲ್ಲ. ಸ್ವಲ್ಪ ಮುಂದೆ ಸಾಗಿ, ವುಝೂ ಮಾಡಿ, ಅದೇ ಬಿಲಾಲರಿಂದ ಇಕಾಮತ್ ಹೇಳಿಸಿ ನಮಾಝ್ ನಿರ್ವಹಿಸಲಾಯಿತು. ಉದ್ದೇಶಪೂರ್ವಕ ಉದಾಸೀನಕ್ಕೆ ಇದು ಆಧಾರವಲ್ಲ. ಆದರೆ ಎಡವಿದವನು ಎದ್ದು ನಡೆಯುವ ದಾರಿ ಇದರಲ್ಲಿದೆ. ಕಿರಿದಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ.

ಮೊನ್ನೆ ಮಸೀದಿಯಿಂದ ಮರಳಿದಾಗ ಮನೆಯೊಳಗಿಂದ ನನ್ನ ಪತ್ನಿಯ ಪಾರಾಯಣದ ದನಿ ಕೇಳಿಸಿತು. ಅವಳು ನಿಧಾನವಾಗಿ ಓದುತ್ತಿದ್ದಳು. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ. ಮೊದಲ ಸಾಲಿನಲ್ಲಿ ಇಷ್ಟು ವರ್ಷ ನಿಂತರೂ ಆ ಬೆಳಗಿನ ಸಮಾಧಾನ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮಾನ್ಯ ಓದುಗರೇ, ನಾಳೆ ನಿಮ್ಮ ಮನೆಯಲ್ಲಿ ಫಜ್ರ್‌ನ ಅಝಾನ್ ಕೇಳಿದಾಗ ಯಾರು ಎಲ್ಲಿದ್ದಾರೆಂದು ಒಮ್ಮೆ ಕಣ್ಣಾಡಿಸಿ. ಮುಂಜಾನೆಯ ಸಮೃದ್ಧಿಯನ್ನು ಅಲ್ಲಾಹನು ನಮ್ಮ ಮನೆಯ ಪ್ರತಿಯೊಬ್ಬರಿಗೂ ಕರುಣಿಸಲಿ, ಒಬ್ಬರ ಹಕ್ಕಿನ ಮೇಲೆ ನಿಂತು ಪುಣ್ಯ ಹುಡುಕುವ ತಪ್ಪಿನಿಂದ ನಮ್ಮನ್ನು ಕಾಪಾಡಲಿ. ಆಮೀನ್.